ಮೇಸ್ತ್ರಿಯ ಸಾಲು ಕೊನೆಗೆ

ನಮ್ಮ ಕಣದ ಮೇಸ್ತ್ರಿ ಹುಲಿಗೆಮ್ಮನಿಗೆ,

ಮೂವತ್ತು ವರ್ಷ ನೀನು ನನ್ನ ಅಕ್ಕಿ ಗಿರಣಿಯಲ್ಲಿ ದುಡಿದೆ. ಅಷ್ಟು ವರ್ಷದಲ್ಲಿ ನಿನಗೆ ನಾನು ಹೇಳಿಕಳಿಸಿದ್ದೆಲ್ಲ ಒಂದೇ ಮಾತು, ಬೇಗ ಬಾ ಎಂದು. ಇವತ್ತು ಕೂತು ಬರೆಯುತ್ತಿದ್ದೇನೆ. ನಿನಗೆ ಓದಲು ಬರುತ್ತಿರಲಿಲ್ಲ, ಗೊತ್ತು. ಈಗ ನೀನಿರುವಲ್ಲಿ ಅದೊಂದು ಅಡ್ಡಿಯಾಗಲಾರದು.

ನೀನು ಮೊದಲ ಸಲ ನಿಮ್ಮೂರು ಮೆಟ್ರಿಯಿಂದ ಕಂಪ್ಲಿಗೆ ಕೆಲಸಕ್ಕೆ ಬಂದ ದಿನ ನೆನಪಿದೆ. ಕುದಿಸಿದ ಭತ್ತ ಒಣಗಲೆಂದು ಕಣದ ತುಂಬ ಹರವಿತ್ತು. ಹೆಂಗಸರು ಕಾಲಿನಿಂದ ಸಾಲು ಎಳೆಯುತ್ತ ಕಾಳು ಮಗುಚುತ್ತಿದ್ದರು. ನೀನು ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡಿ, "ಇನ್ನೂ ಹಸಿ ಐತ್ರಿ ಅಮ್ಮಾರ. ಈಗ ರಾಶಿ ಹಾಕಿದ್ರ ಮುಗ್ಗು ಹಿಡೀತೈತಿ" ಎಂದೆ. ಇವತ್ತು ಬಂದವಳು ನನಗೇ ಹೇಳುತ್ತಾಳಲ್ಲ ಎಂದು ಸಿಟ್ಟು ಬಂತು. ಆದರೂ ಮುಂದಿನ ಸುಗ್ಗಿಗೆ ನಿನ್ನನ್ನೇ ಮೇಸ್ತ್ರಿ ಮಾಡಿದೆ.

ನನ್ನ ಸೊಸೆ ಶ್ವೇತಾ ಪುಸ್ತಕ ಹಿಡಿದು ಕಣಕ್ಕೆ ಬಂದ ಬೆಳಿಗ್ಗೆ ನಿನಗೆ ನೆನಪಿರಬೇಕು. ಗಿರಣಿಯ ಕೆಲಸ ಚುರುಕಾಗಲೆಂದು ಒಂದು ಮೊಬೈಲ್ ಆ್ಯಪ್ ಮಾಡುತ್ತೇನೆ ಎಂದಿದ್ದಳು. ಹೊಸಪೇಟೆಯಲ್ಲಿ ಅದನ್ನೇ ಓದಿದವಳು. ಮೊದಲು ದುಡಿಯುವವರನ್ನು ಕೇಳಬೇಕು, ಅವರು ಹೇಳಿದಂತೆ ಆ್ಯಪ್ ಕಟ್ಟಬೇಕು ಎನ್ನುವುದು ಅವಳ ಪಾಠ. ನಾನೂ ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲಿ ಕೂತೆ. ನನ್ನ ಗಿರಣಿಯಲ್ಲಿ ನಾನು ಕೂರದೆ ಇನ್ನಾರು ಕೂರಬೇಕು?

"ಸಾಲು ಎಳೆಯೋದು ಯಾರಿಗಾದ್ರೂ ತಡ ಆಗ್ತೈತೇನ್ರಿ?" ಎಂದು ಅವಳು ಕೇಳಿದಳು. ನೀನು ನನ್ನ ಕಡೆ ನೋಡಿದೆ.

"ತಡ ಯಾಕ ಆಗ್ತೈತವ್ವಾ? ಅಮ್ಮಾರು ಕುಂತಾರಲ್ಲ, ಬೆನ್ನ ಹಿಂದ ಹುಲಿ ಕುಂತಂಗ!"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಶ್ವೇತಾ 'ತಡವಿಲ್ಲ' ಎಂದು ಬರೆದುಕೊಂಡಳು.

ಆ್ಯಪ್ ಶುರುವಾದ ಮೊದಲ ವಾರ ನಿಮಗೆಲ್ಲ ಅದೊಂದು ಆಟವಾಗಿತ್ತು. ಕಣದ ಕಂಬಕ್ಕೆ ಕಟ್ಟಿದ ಫೋನಿನಲ್ಲಿ ಎಲ್ಲರ ಫೋಟೊ. ತನ್ನ ಪಾಲಿನ ಸಾಲು ಮುಗಿದ ಕೂಡಲೇ ತನ್ನ ಮುಖ ಒತ್ತಬೇಕು, ಹಸಿರಾಗುತ್ತದೆ. ತಡವಾದರೆ ಕೆಂಪು. ದಿನಾ ಕೆಂಪಾಗುತ್ತಿದ್ದದ್ದು ನಿನ್ನದೊಂದೇ ಮುಖ. ಒಂದು ದಿನ ನಾನು ನಿನ್ನನ್ನು ಎಲ್ಲರ ಎದುರಿಗೆ ಕರೆದು ಅಂದೆ, "ಮೇಸ್ತ್ರಿ ಆಗಿ ನೀನ ಎಲ್ಲಾರಿಗಿಂತ ಹಿಂದ ಏನ ಹುಲಿಗೆಮ್ಮಾ? ವಯಸ್ಸಾತು. ಮನ್ಯಾಗ ಕುಂದ್ರು ಹೋಗು."

"ಹೂನ್ರಿ ಅಮ್ಮಾರ" ಎಂದೆ ನೀನು. ಅಷ್ಟೇ. ಒಂದು ಮಾತು ಎದುರಾಡಬಾರದಿತ್ತೇ? ಮರುದಿನ ನೀನು ಬರಲಿಲ್ಲ. ತಾನಾಗಿ ಬರಲಿ ಎಂದು ನಾನೂ ಸುಮ್ಮನಿದ್ದೆ. ಎರಡು ತಿಂಗಳಾದ ಮೇಲೆ, ಜ್ವರ ಬಂದು ನಾಲ್ಕೇ ದಿನಕ್ಕೆ ನೀನು... ಮಣ್ಣಿಗೂ ನಾನು ಬರಲಿಲ್ಲ. ಆಳಿನ ಕೈಯಲ್ಲಿ ಒಂದು ಹಾರ ಕಳಿಸಿದೆ.

ನೀನಿಲ್ಲದ ಕಣದಲ್ಲಿ, ಅಲ್ಲಿಯವರೆಗೆ ದಿನಾ ಹಸಿರಾಗುತ್ತಿದ್ದ ನಿನ್ನ ಜೊತೆಗಾತಿ ಗಂಗಮ್ಮನ ಮುಖ ಫೋನಿನಲ್ಲಿ ಕೆಂಪಾಗತೊಡಗಿತು. ನೀನು ತೀರಿದ ಮೇಲೆ ಶ್ವೇತಾಳಿಗೆ ಅನುಮಾನ ಬಂತು. ನಿನ್ನ ಜೊತೆ ದುಡಿದವರ ಮನೆಗಳಿಗೆ ಅವಳೊಬ್ಬಳೇ ಹೋಗಿ, ಕಟ್ಟೆಯ ಮೇಲೆ ಕೂತು, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಆಗ ಬಾಯಿಬಿಟ್ಟರು. ನಿಮ್ಮಲ್ಲಿ ಮೇಸ್ತ್ರಿಯ ಸಾಲು ಯಾವಾಗಲೂ ಕೊನೆಗಂತೆ. ಕೈಲಾಗದವರ ಪಾಲನ್ನು ಮೇಸ್ತ್ರಿ ಮೊದಲು ಎಳೆದುಕೊಟ್ಟು, ಆಮೇಲೆ ತನ್ನದಕ್ಕೆ ಕಾಲಿಡಬೇಕಂತೆ. ಗಂಗಮ್ಮನ ಮಂಡಿ ಒಂದು ವರ್ಷದಿಂದ ಊದಿಕೊಂಡಿತ್ತು. ಅವಳ ಪಾಲು ಮುಗಿಸಿ, ಅವಳ ಮುಖ ಒತ್ತಿಸಿ, ನೀನು ನಿನ್ನ ಸಾಲಿಗೆ ಬರುವಷ್ಟರಲ್ಲಿ... ನನಗೆ ತಿಳಿದರೆ ಗಂಗಮ್ಮನನ್ನು ಮನೆಗೆ ಕಳಿಸುತ್ತೇನೆ ಎಂದು ನೀನು ಹೆದರಿದ್ದೆ, ಅಲ್ಲವೇ? ಕಳಿಸುತ್ತಿದ್ದೆ. ಸುಳ್ಳು ಹೇಳುವುದಿಲ್ಲ.

"ಅತ್ತೀ, ನೀವು ಕುರ್ಚಿ ಹಾಕ್ಕೊಂಡು ಕುಂತಿದ್ರಿ. ಅದಕ್ಕ ಯಾರೂ ಖರೇ ಹೇಳಲಿಲ್ಲ. ಎದ್ದು ಹೋಗ್ರಿ ಅನ್ನೋ ಧೈರ್ಯ ನನಗೂ ಆಗಲಿಲ್ಲ" ಎಂದಳು ಶ್ವೇತಾ. ಬೇರೆ ದಿನವಾಗಿದ್ದರೆ ಅವಳ ಬಾಯಿ ಮುಚ್ಚಿಸುತ್ತಿದ್ದೆ.

ನೀನು ಕೇಳದ ಸುದ್ದಿ ಇಷ್ಟು. ಆ್ಯಪ್‌ನಿಂದ ಮುಖಗಳನ್ನು ತೆಗೆಸಿದ್ದೇನೆ. ಈಗ ಇಡೀ ಕಣಕ್ಕೆ ಒಂದೇ ಗುರುತು, ಎಲ್ಲರ ಸಾಲೂ ಮುಗಿದಾಗ ಹಸಿರಾಗುತ್ತದೆ. ಗಂಗಮ್ಮ ಕೂತು ಚೀಲ ಹೊಲಿಯುತ್ತಾಳೆ. ಆದರೆ ಮೇಸ್ತ್ರಿಯಾಗಲು ಯಾರೂ ಒಪ್ಪುತ್ತಿಲ್ಲ. "ಹುಲಿಗೆಮ್ಮಗ ಆಗಿದ್ದು ನಮಗ ಬ್ಯಾಡ್ರಿ" ಎಂದು ಗಂಗಮ್ಮ ನನ್ನ ಮುಖಕ್ಕೇ ಹೇಳಿದಳು.

ಎರಡು ತಿಂಗಳು ನೀನು ಮನೆಯಲ್ಲೇ ಇದ್ದೆ. ಕಂಪ್ಲಿಯಿಂದ ಮೆಟ್ರಿ ಏನು ದೂರ, ಹುಲಿಗೆಮ್ಮಾ?

ನಾಳೆ ಭತ್ತ ಹರವುವ ಮೊದಲು ಎಲ್ಲರನ್ನೂ ನಿಲ್ಲಿಸಿ, ತಪ್ಪು ನನ್ನದು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಗಂಡನಿಗೂ ಹೇಳದ ಮಾತು ಅದು. ಕಣದ ತುಂಬ ಹೆಂಗಸರಿರುತ್ತಾರೆ. ಅದನ್ನು ಕೇಳಬೇಕಾದವಳು ಮಾತ್ರ ಇರುವುದಿಲ್ಲ.

ಗಿರಿಜಮ್ಮ