ಓಟದ ಡಿಸ್ಕಿನಲ್ಲಿ ಹಿರಿಯರು

ಕೋಲಾರದ ಹಳೇ ಗಣಿ, ಒಂಬತ್ತನೇ ಅಂತಸ್ತು
ಫೆಬ್ರವರಿ 31, 2309

ನಮಗಿಂತ ಮುಂಚೆ ಬದುಕುತ್ತಿರುವವರಿಗೆ,

ನಿಮ್ಮ ಫೆಬ್ರವರಿಗೆ ಈ ದಿನವಿಲ್ಲ ಎಂದು ಬಲ್ಲೆ. ಬಿಸಿಲು ಕಾಣದ ಈ ಆಳದಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಕೊಟ್ಟುಕೊಂಡಿದ್ದೇವೆ. ನನ್ನ ಕೆಲವು ಪದಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ.

ಮೇಲಿನ ಗಾಳಿ ಕೆಟ್ಟ ಮೇಲೆ ನಮ್ಮವರು ಗಣಿಯೊಳಗೆ ನೆಲೆಸಿದರು. ಬೆಳಿಗ್ಗೆ ನಾನೂ ನನ್ನ ಮಾವ ಸೊಣ್ಣಪ್ಪನವರೂ ಸೋಲಾರ್ ಹಲಗೆಗಳ ಧೂಳು ಒರೆಸಲು ಮೇಲೆ ಹೋಗಿ, ಮರಳಿ ನಡುಕೋಣೆಗೆ ಬಂದೆವು. ನಡುಕೋಣೆಯೆಂದರೆ ಎರಡು ಬಾಗಿಲುಗಳ ನಡುವಿನ ಗೂಡು. ಹೊರಬಾಗಿಲು ಮುಚ್ಚಿದ ಮೇಲೆ ಕಂಪ್ಯೂಟರ್ ನಮ್ಮ ಮುಖ ಗುರುತಿಸಿ ಒಳಬಾಗಿಲು ತೆರೆಯಬೇಕು, ಕೈಯಿಂದ ತೆರೆಯಲು ಬರುವುದಿಲ್ಲ. ಹೊರಬಾಗಿಲು ಮುಚ್ಚಿತು. ಒಳಬಾಗಿಲು ಇನ್ನೂ ತೆರೆದಿಲ್ಲ. ನಾನು ಬೆನ್ನಿಗೆ ಹೊತ್ತ ಗಾಳಿ ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿಳಿದಿದೆ.

ಕಾರಣ ಸರಳ. ನಮ್ಮ ಕಂಪ್ಯೂಟರಿಗೆ ಎರಡು ಡಿಸ್ಕುಗಳಿವೆ. ಒಂದು ಓಟದ ಡಿಸ್ಕು. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಕೇಳಿದ್ದನ್ನು ತಕ್ಷಣ ಕೊಡುತ್ತದೆ. ಇನ್ನೊಂದು ಗಿರಕಿ, ಒಳಗೆ ತಟ್ಟೆ ತಿರುಗುತ್ತದೆ, ಸೂಜಿ ಅತ್ತಿತ್ತ ಓಡಾಡಿ ಹುಡುಕುತ್ತದೆ. ತೀರಿಕೊಂಡ ಹಿರಿಯರ ಧ್ವನಿಗಳನ್ನು ನಾವು ಉಳಿಸಿಡುತ್ತೇವೆ, ಮಕ್ಕಳು ಕೇಳಿದರೆ ಅವು ಉತ್ತರ ಕೊಡುತ್ತವೆ. ಹಿರಿಯರನ್ನು ಗಿರಕಿಯಲ್ಲಿಡುವುದು ಅವರನ್ನು ಹೊಸ್ತಿಲಾಚೆ ಕೂರಿಸಿದಂತೆ ಎಂದು ಇಲ್ಲಿನವರ ನಂಬಿಕೆ. ಹಾಗಾಗಿ ಓಟದ ಡಿಸ್ಕಿನ ತುಂಬ ಅವರೇ. ಜಾಗ ಸಾಲದೆ ಹೋದ ವರ್ಷ ಬಾಗಿಲಿನ ಪ್ರೋಗ್ರಾಮನ್ನೇ ಗಿರಕಿಗೆ ಸರಿಸಿದರು. ಗಣಿ ಕಾಯುವ ಕ್ಯಾಮೆರಾಗಳ ಚಿತ್ರಗಳೂ ದಿನವಿಡೀ ಅಲ್ಲೇ ಬಂದು ಬೀಳುತ್ತವೆ. ಸೂಜಿ ಚಿತ್ರ ಬರೆಯಲು ಒಂದು ಕಡೆ, ನಮ್ಮ ಮುಖ ಹುಡುಕಲು ಇನ್ನೊಂದು ಕಡೆ ಓಡುತ್ತ ಯಾವುದನ್ನೂ ಮುಗಿಸುತ್ತಿಲ್ಲ.

ಕಂಪ್ಯೂಟರ್ ನೋಡಿಕೊಳ್ಳುವವಳು ನನ್ನ ನಾದಿನಿ ಗಂಗುಲಮ್ಮ. ನಾವು ಸಿಕ್ಕಿಕೊಂಡದ್ದು ತಿಳಿದು, ಬಾಗಿಲಿನ ಪ್ರೋಗ್ರಾಮಿಗೆ ಓಟದ ಡಿಸ್ಕಿನಲ್ಲಿ ಮತ್ತೆ ಜಾಗ ಮಾಡಲು ಅವಳು ಮನೆಮನೆಗೂ ಹೋಗಿ ಕೇಳಿದಳು. ಯಾರೂ ತಮ್ಮ ಹಿರಿಯರನ್ನು ಕದಲಿಸಲು ಒಪ್ಪಲಿಲ್ಲ. ಉಳಿದದ್ದು ನನ್ನ ಅತ್ತೆಯ, ಅಂದರೆ ಅವಳ ತಾಯಿಯ ಧ್ವನಿ. ಅದನ್ನೇ ಸರಿಸು ಎಂದೆ.

"ಅಮ್ಮನ್ನ ಗಿರಕಿಗೆ ಹಾಕು ಅಂತೀಯಾ ಅತ್ತಿಗೆ? ನಾಳೆ ಜನಕ್ಕೆ ಹೆಂಗೆ ಮುಖ ತೋರಿಸ್ಲಿ?" ಎಂದು ಫೋನಿನಲ್ಲಿ ಅತ್ತಳು.

ಮಾವ ಫೋನು ಕಿತ್ತುಕೊಂಡರು. "ಲೇ ಗಂಗೂ, ಬದುಕಿದ್ದಾಗ ನಿಮ್ಮಮ್ಮ ಮೂರು ಕಿತ ಕೂಗಿದ್ರೂ ಓ ಅಂತಿದ್ಲೇನೇ? ಈಗ ಅವಳಿಗೇನು ಅಂಥ ಅರ್ಜೆಂಟು?"

ಗಂಗುಲಮ್ಮ ಅಳುತ್ತಲೇ ನಕ್ಕಳು. "ಸುಮ್ಕಿರಪ್ಪಾ, ಅಮ್ಮ ಕೇಳಿಸ್ಕೊಂತಾಳೆ."

ಆಮೇಲೆ ಸರಿಸಲು ಶುರು ಮಾಡಿದಳು. ಆದರೆ ಅತ್ತೆಯ ಇಷ್ಟು ವರ್ಷದ ಮಾತನ್ನೆಲ್ಲ ಅದೇ ಸೂಜಿ ಬರೆಯಬೇಕು. ಅತ್ತೆ ಪೂರ್ತಿ ಅತ್ತ ಹೋಗುವ ತನಕ ಬಾಗಿಲಿನ ಪ್ರೋಗ್ರಾಮಿಗೆ ಇತ್ತ ಜಾಗವಿಲ್ಲ. ಮಾವ ಗಾಳಿ ಉಳಿಸಲು ಮಾತು ನಿಲ್ಲಿಸಿ ಗೋಡೆಗೆ ಒರಗಿದ್ದಾರೆ. ಅವರ ಸಿಲಿಂಡರು ನನ್ನದಕ್ಕಿಂತ ಚಿಕ್ಕದು.

ನಿಮ್ಮಲ್ಲಿ ಎರಡು ಮೂರು ಡಿಸ್ಕುಗಳಿದ್ದರೆ, ಕಂಪ್ಯೂಟರನ್ನು ನಡೆಸುವ ಪ್ರೋಗ್ರಾಮುಗಳಿಗೆ ವೇಗದ್ದನ್ನು ಕೊಡಿ. ದಿನವಿಡೀ ಬಂದು ತುಂಬಿಕೊಳ್ಳುವುದಕ್ಕೆ ಬೇರೆಯದನ್ನಿಡಿ. ಫೋಟೊ, ಹಾಡು, ಪ್ರೀತಿಯವರ ಧ್ವನಿ ನಿಧಾನದ್ದರಲ್ಲಿರಲಿ, ಒಂದು ಪ್ರತಿ ಮತ್ತೊಂದು ಕಡೆಯೂ ಇರಲಿ. ಅದರಿಂದ ಯಾರಿಗೂ ಅವಮಾನವಿಲ್ಲ. ಇದನ್ನು ಇವತ್ತೇ ಮಾಡಿ, ಬಾಗಿಲುಗಳ ನಡುವೆ ಯಾರೂ ನಿಂತಿರದ ದಿನ.

ಚೌಡೇಶ್ವರಿ