ಆರು ಮನೆಗೆ ಹಂಚಿದ ಸಿಹಿ ಪೊಂಗಲ್

ಕತ್ರಿಗುಪ್ಪೆ, ಬೆಂಗಳೂರು
೧೪ ನವೆಂಬರ್ ೨೦೨೫, ಶುಕ್ರವಾರ

ಚಿ. ವಿಭಾಳಿಗೆ ಅಮ್ಮನ ತುಂಬು ಮನಸ್ಸಿನ ಆಶೀರ್ವಾದಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಎರಡು ಪತ್ರಗಳೂ ಬಂದು ತಲುಪಿವೆ. ಎರಡಕ್ಕೂ ಉತ್ತರ ಬರೆಯದೆ ಎರಡು ತಿಂಗಳು ಕಳೆದ ನನಗೆ, ಪತ್ರ ಬರೆಯಲಿಲ್ಲವೆಂದು ಇನ್ನು ಮುಂದೆ ನಿನ್ನನ್ನು ಗದರುವ ಮುಖವಿಲ್ಲ. ಭಾನುವಾರದ ಫೋನು ಇದೆಯಲ್ಲ ಎಂದು ನಿನ್ನ ಅಪ್ಪ ಅನ್ನುತ್ತಾರೆ. ನಿನಗೆ ಸಿಗುವ ಆ ಹತ್ತು ನಿಮಿಷದಲ್ಲಿ ಐದು ಅವರೇ ನುಂಗುತ್ತಾರೆ, ಉಳಿದ ಐದರಲ್ಲಿ ನಿನ್ನ ಹಿಂದೆ ಸರದಿ ನಿಂತವರ ಕೆಮ್ಮು ಕೇಳಿಸುತ್ತಿರುತ್ತದೆ. ನಾನು ಈಗ ಬರೆಯುವುದು ಹಾಗೆ ಹೇಳುವಂಥದ್ದಲ್ಲ. ನಿಮ್ಮ ಚೆನ್ನೈ ಆಫೀಸಿನಿಂದ ದ್ವೀಪಕ್ಕೆ ಟಪಾಲು ಚೀಲ ಇಪ್ಪತ್ತಕ್ಕೆ ಹೊರಡುತ್ತದಂತೆ. ಅದಕ್ಕೆ ಸೇರುವ ಹಾಗೆ ನಾಳೆಯೇ ಕಳಿಸುತ್ತೇನೆ.

ಅಪ್ಪನ ಮೊಣಕಾಲು ಪರವಾಗಿಲ್ಲ. ಹಾಲ್‌ನಲ್ಲಿ ಕ್ಯಾಲೆಂಡರ್ ತೆಗೆದು ಪ್ರಪಂಚದ ನಕ್ಷೆ ಹಾಕಿದ್ದಾರೆ. ನೀನಿರುವ ದ್ವೀಪ ಅದರಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ. ಅಲ್ಲಿ ನನ್ನ ಪ್ಯಾಕೆಟ್ಟಿನ ಕೆಂಪು ಬಿಂದಿಯೊಂದನ್ನು ಅಂಟಿಸಿದ್ದಾರೆ, ಈಗ ದ್ವೀಪವೇ ಕಾಣುವುದಿಲ್ಲ. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡದೆ ನಿಲ್ಲಿಸಿಕೊಂಡು, ಸಮುದ್ರದ ಅಡಿಯ ಬಂಡೆ ನೋಡಿ ಎಲ್ಲಿ ಎಣ್ಣೆಬಾವಿ ಕೊರೆಯಬೇಕೆಂದು ಹೇಳುವವಳು ತಮ್ಮ ಮಗಳು ಎಂದು ತೋರಿಸುತ್ತಾರೆ. ನಾನು ಅವರನ್ನು ಆಡಿಕೊಳ್ಳುತ್ತೇನೆ ನಿಜ, ಆದರೆ ಬಂದವರು ನಕ್ಷೆ ನೋಡದೆ ಕಾಫಿ ಕುಡಿದು ಹೊರಟರೆ ನನಗೂ ಏನೋ ಕಡಿಮೆಯಾದಂತೆ ಅನ್ನಿಸುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಇಲ್ಲಿ ಒಬ್ಬರ ಎಂಟು ಲಕ್ಷ ರೂಪಾಯಿ ನಿಮ್ಮ ಬಾವಿಗೆ ಬೀಳುವುದರಲ್ಲಿತ್ತು. ಅದಕ್ಕೆ ಕಾರಣ ನೀನಲ್ಲ, ನಾನು ಮಾಡಿದ ಸಿಹಿ ಪೊಂಗಲ್.

ನಮ್ಮ ಏಳು ಜನರ ಕೂಟ ನಿನಗೆ ಗೊತ್ತು. ನಾನು ವಿದ್ಯುತ್ ಮಂಡಳಿಯ ಬಿಲ್ ಕೌಂಟರಿನಿಂದ ನಿವೃತ್ತಳಾದ ವರ್ಷ ಶುರುವಾದದ್ದು. ಶುಕ್ರವಾರ ಸಂಜೆ ಲಲಿತಾ ಸಹಸ್ರನಾಮ, ಮಂಗಳಾರತಿ, ಕಾಫಿ, ಅದಾದ ಮೇಲೆ ಶೇರಿನ ಮಾತು. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿದ ಮೈತ್ರೇಯಿ ಕಂಪನಿಗಳ ವರದಿ ಓದಿ ಹೇಳುತ್ತಾಳೆ, ಉಳಿದವರು ಪ್ರಶ್ನೆ ಕೇಳುತ್ತೇವೆ, ಆಮೇಲೆ ಅವರವರ ಇಷ್ಟ. ಶ್ರಾವಣದಲ್ಲಿ ನಿಮ್ಮ ಕಂಪನಿಯ ಶೇರು ಏರತೊಡಗಿದಾಗಿನಿಂದ ಕೂಟದಲ್ಲಿ ಬೇರೆ ಮಾತೇ ಇರಲಿಲ್ಲ. ಯಾರೂ ಕಾಣದ ದ್ವೀಪ, ಅದರ ಸಮುದ್ರದಲ್ಲಿ ಮೂರನೇ ಬಾವಿ, ಎಣ್ಣೆ ಸಿಕ್ಕರೆ ಹತ್ತು ಪಟ್ಟು ಎಂದು ಟಿ.ವಿ.ಯಲ್ಲಿ ಕಿರುಚುತ್ತಿದ್ದರು. ಮೊದಲೆರಡು ಬಾವಿಗಳಲ್ಲಿ ಏನೂ ಸಿಗಲಿಲ್ಲವೆಂಬುದನ್ನು ಮಾತ್ರ ಮೆಲ್ಲಗೆ ಹೇಳುತ್ತಿದ್ದರು.

ಸಹಜವಾಗಿಯೇ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನೇರವಾಗಿ ಯಾರೂ ಕೇಳಲಿಲ್ಲ. ವಿಭಾ ದನಿ ಹೇಗಿದೆ, ಖುಷಿಯಾಗಿದ್ದಾಳಾ, ಊಟ ಸೇರುತ್ತಿದೆಯಾ ಎಂದು ಸುತ್ತಿ ಬಳಸಿ ವಿಚಾರಿಸುತ್ತಿದ್ದರು. ನಿನಗೆ ಊಟ ಸೇರಿದರೆ ಎಣ್ಣೆ ಇದೆ ಎಂದು ಅರ್ಥವಂತೆ. ಬಾವಿಯ ವಿಷಯ ಹೊರಗೆ ಹೇಳುವುದಿಲ್ಲವೆಂದು ನೀನು ಕಂಪನಿಗೆ ಬರೆದುಕೊಟ್ಟಿದ್ದೀಯ, ನಿನ್ನ ಅಪ್ಪನಿಗೂ ನನಗೂ ಒಂದಕ್ಷರ ಹೇಳಿಲ್ಲ ಎಂದು ನಾನು ಎದೆಯುಬ್ಬಿಸಿ ಹೇಳಿದೆ. ಹಾಗೆ ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದರೆ, ಯಾರಾದರೂ ಮತ್ತೆ ಕೇಳಲಿ ಎಂದು ಕಾಯುತ್ತಿದ್ದೆ.

ಅಷ್ಟರಲ್ಲಿ ಸೆಪ್ಟೆಂಬರಿನ ಬಿರುಗಾಳಿ ಬಂತು. ನೀನಿದ್ದ ದೋಣಿ ಕ್ಯಾಂಪಿಗೆ ಮರಳಿಲ್ಲವೆಂದು ನಿಮ್ಮ ಆಫೀಸಿನಿಂದ ಅಪ್ಪನಿಗೆ ಫೋನು ಬಂದ ಎರಡು ದಿನಗಳ ಬಗ್ಗೆ ನಾವು ನಿನಗೆ ಏನೂ ಹೇಳಿಲ್ಲ. ಈಗಲೂ ಹೆಚ್ಚು ಬರೆಯುವುದಿಲ್ಲ. ನಾನು ಒಲೆ ಹಚ್ಚಲಿಲ್ಲ. ನೀನು ಬದುಕಿ ಬಂದರೆ ಐದು ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚುತ್ತೇನೆ, ಐದನೆಯ ವಾರ ಪೊಂಗಲ್ ಮಾಡಿ ಮುತ್ತೈದೆಯರ ಮನೆಗೆ ಕೊಡುತ್ತೇನೆ ಎಂದು ಹರಕೆ ಹೊತ್ತೆ. ಮೂರನೆಯ ದಿನ ಬೆಳಿಗ್ಗೆ ನಿನ್ನ ದನಿ ಕೇಳಿತು.

ಹರಕೆ ತೀರುವವರೆಗೆ ಯಾಕೆಂದು ಬಾಯಿಬಿಟ್ಟು ಹೇಳಬಾರದು ಎಂಬುದು ನಮ್ಮ ಅಜ್ಜಿಯ ಕಾಲದಿಂದ ಬಂದ ನೇಮ. ನಾನು ಹೇಳಲಿಲ್ಲ. ವಾರವಾರವೂ ನಿಂಬೆಹಣ್ಣಿನ ಚೀಲ ಹಿಡಿದು ಹೋಗುವುದನ್ನು ಬೀದಿಯೆಲ್ಲ ನೋಡಿತು. ನೇಮ ಗೊತ್ತಿದ್ದವರಾದ್ದರಿಂದ ಅವರೂ ಕೇಳಲಿಲ್ಲ. ಅಕ್ಟೋಬರ್ ಹತ್ತರಂದು ಐದನೆಯ ದೀಪ ಹಚ್ಚಿ ಬಂದು, ತುಪ್ಪ ಸುರಿದು ಪೊಂಗಲ್ ಮಾಡಿ, ಆರು ಮನೆಗೂ ರವಿಕೆ ಕಣ, ಎಲೆ ಅಡಿಕೆ ಸಮೇತ ನಾನೇ ಹೋಗಿ ಕೊಟ್ಟೆ. ನನ್ನ ಮುಖದಲ್ಲಿ ಎಂಥ ಕಳೆ ಇತ್ತೆಂದು ಮೈತ್ರೇಯಿ ಈಗಲೂ ನೆನೆಸಿಕೊಳ್ಳುತ್ತಾಳೆ. ನೀನು ಬದುಕಿದ ಸಂತೋಷ ಕಣೇ ಅದು. ಅವರು ಓದಿಕೊಂಡದ್ದು ಬೇರೆ.

ಭಾನುವಾರ ಬೆಳಿಗ್ಗೆ ಸೊಣ್ಣಮ್ಮನವರು ಒಂದು ಮೊರ ಅವರೆಕಾಯಿ ಹೊತ್ತು ಬಂದರು. ನಮ್ಮ ಕೂಟದವರೇ, ಹಿಂದಿನ ಬೀದಿಯವರು, ಕತ್ರಿಗುಪ್ಪೆ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇರುವವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರು ಬಾಡಿಗೆ ಮನೆ ಕಟ್ಟಿಸಿದ್ದಾರೆ. ಕೂತವರೇ ನನ್ನ ಕೈ ಹಿಡಿದುಕೊಂಡರು.

"ನೀವು ಬಾಯ್ ಬಿಡ್ಲಿಲ್ಲ ಅಮ್ಮಣ್ಣಿಯವ್ರೇ, ನಿಮ್ ಪೊಂಗಲ್ಲು ಹೇಳ್ತು. ನಾಳೆ ಮಾರ್ಕೆಟ್ ತೆಗೀತಿದ್ದಂಗೆ ಹಾಕ್ಬಿಡು ಅಂತ ಮನೋಜಂಗೆ ಹೇಳ್ಬಿಟ್ಟಿದೀನಿ."

ಮನೋಜ್ ಅವರ ಮಗ, ಹಾರ್ಡ್‌ವೇರ್ ಅಂಗಡಿಯವನು. ಹಾಕುವುದು ಏನೆಂದು ಕೇಳಿದರೆ, ಮೇಲಿನ ಮನೆಯನ್ನು ಮೂರು ವರ್ಷಕ್ಕೆ ಲೀಸಿಗೆ ಕೊಟ್ಟು ಪಡೆದ ಎಂಟು ಲಕ್ಷ. ಆ ದುಡ್ಡು ಅವರದ್ದಲ್ಲ, ಬಾಡಿಗೆಯವರು ಮನೆ ಬಿಟ್ಟ ದಿನ ಎಣಿಸಿ ಹಿಂದಿರುಗಿಸಬೇಕಾದದ್ದು. ಪೊಂಗಲಿಗೂ ಎಣ್ಣೆಗೂ ಸಂಬಂಧವಿಲ್ಲ, ನನಗೆ ಏನೂ ಗೊತ್ತಿಲ್ಲ ಎಂದೆ. ಅವರು ನಕ್ಕು, ಗೊತ್ತಿದ್ದರೂ ಹೇಳುವ ಹಾಗಿಲ್ಲ ಬಿಡಿ, ಮಗಳ ನೌಕರಿ ಅಲ್ವಾ ಎಂದರು.

ಅವರನ್ನು ಕೂರಿಸಿ, ಚಪ್ಪಲಿ ಮೆಟ್ಟಿ ಮೈತ್ರೇಯಿ ಮನೆಗೆ ಓಡಿದೆ. ಅವಳೂ ಒಡವೆ ಸಾಲದ ಅರ್ಜಿ ತುಂಬುತ್ತಿದ್ದಳು. ಓದಿದವಳು, ಇವಳಾದರೂ ನಂಬುತ್ತಾಳೆ ಅಂದುಕೊಂಡರೆ, ಇಷ್ಟು ಬೆವರು ಸುರಿಸಿಕೊಂಡು ಬಂದು ಬೇಡ ಅನ್ನುತ್ತೀಯ ಎಂದರೆ ಏನೋ ಇದ್ದೇ ಇದೆ ಎಂದಳು. ಹರಕೆಯ ಕಾರಣ ನಾನು ಹೇಳದೆ ಇರುವಷ್ಟೂ ಹೊತ್ತು ನನ್ನ ಪ್ರತಿ ಮಾತೂ ಎಣ್ಣೆಯ ಕಡೆಗೇ ತಿರುಗುತ್ತಿತ್ತು. ಹರಕೆ ತೀರಿದ ಮೇಲೂ ಹೇಳಲು ನನಗೆ ಮನಸ್ಸಿರಲಿಲ್ಲ. ದೋಣಿಯ ಮಾತು ನಾಲಿಗೆಗೆ ಬಂದರೆ ಎಲ್ಲಿ ಮತ್ತೆ ಆಗಿಬಿಡುತ್ತದೋ ಎಂಬ ಹೆದರಿಕೆ.

ಆದರೆ ಆ ಎಂಟು ಲಕ್ಷ ಕಣ್ಣ ಮುಂದೆ ಬಂತು. ಮೈತ್ರೇಯಿಯ ಕೈ ಹಿಡಿದು ಎಳೆದುಕೊಂಡೇ ಮನೆಗೆ ಬಂದೆ. ಇಬ್ಬರನ್ನೂ ಎದುರಿಗೆ ಕೂರಿಸಿ, ಬಿರುಗಾಳಿ, ದೋಣಿ, ಆ ಎರಡು ದಿನ, ಎಲ್ಲವನ್ನೂ ಹೇಳಿದೆ. ಅಪ್ಪ ಒಳಗಿನಿಂದ ಬಂದು ನಕ್ಷೆಯ ಪಕ್ಕ ನಿಂತು ಕಣ್ಣು ಒರೆಸಿಕೊಂಡರು. ನನ್ನ ಮಾತಿಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಸೊಣ್ಣಮ್ಮನವರಿಗೆ ದುಡ್ಡಿನ ಯೋಚನೆಯೇ ಹೋಯಿತು. "ಎರಡು ದಿನ ಮಗು ಸಿಕ್ಕಿಲ್ಲ ಅಂತ ನೀವಿಬ್ರೇ ಬಾಗ್ಲು ಹಾಕ್ಕೊಂಡು ಕೂತಿದ್ರಾ? ಹಿಂದಿನ್ ಬೀದೀಲಿ ನಾನು ಬದ್ಕಿದ್ನಲ್ಲ" ಎಂದು ಕೇಳಿದರು. ಅಲ್ಲೇ ಮನೋಜನಿಗೆ ಫೋನು ಮಾಡಿ ಬೇಡವೆಂದರು. ಆಮೇಲೆ ನಾವು ಮೂವರೂ ಅವರೆಕಾಯಿ ಸುಲಿಯುತ್ತಾ ಮಧ್ಯಾಹ್ನದವರೆಗೆ ಕೂತಿದ್ದೆವು. ಉಳಿದ ನಾಲ್ಕು ಮನೆಗೆ ಸಂಜೆ ಸೊಣ್ಣಮ್ಮನವರೇ ಹೋಗಿ ಹೇಳಿ ಬಂದರು.

ಮುಂದಿನ ಶುಕ್ರವಾರ ಕೂಟದಲ್ಲಿ ನಿಮ್ಮ ಕಂಪನಿಯನ್ನು ಸರಿಯಾಗಿ ತೂಗಿ ನೋಡಿದೆವು, ಬೇರೆ ಯಾವ ಕಂಪನಿಯನ್ನಾದರೂ ತೂಗುವ ಹಾಗೆ. ಮೈತ್ರೇಯಿ ವರದಿಯನ್ನು ಎರಡು ಸಲ ಓದಿದಳು. ಅದರಲ್ಲಿ ಇರುವುದೆಲ್ಲ ಅಂದಾಜು, ಯಾರೂ ಕಂಡದ್ದಲ್ಲ ಎಂದು ಗೆರೆ ಎಳೆದು ತೋರಿಸಿದಳು. ಸೊಣ್ಣಮ್ಮನವರು ತಮ್ಮ ಹೊಲದಲ್ಲಿ ನಾಲ್ಕು ಬೋರ್‌ವೆಲ್ ಕೊರೆಸಿದವರು. ನಾಲ್ಕು ಕಡೆಯೂ ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡಿದವನು ನೀರಿದೆ ಅಂದನಂತೆ, ನೀರು ಬಂದದ್ದು ಒಂದರಲ್ಲಿ. ಅಲ್ಲಿ ನೆಲ ಕಾಲ ಕೆಳಗೇ ಇತ್ತು, ಇಲ್ಲಿ ಸಮುದ್ರವಿದೆ, ಧೂಳೇ ಬಂದರೂ ಅಳದಷ್ಟು ಮಾತ್ರ ಹಾಕಬೇಕು ಎಂದರು. ಅಳದಷ್ಟು ಎಂದರೆ ಎಷ್ಟು ಎಂಬ ಚರ್ಚೆ ನಡೆದು, ಕೊನೆಗೆ ಒಂದು ರೇಷ್ಮೆ ಸೀರೆಯ ಬೆಲೆಗಿಂತ ಹೆಚ್ಚು ಯಾರೂ ಹಾಕಬಾರದೆಂದು ತೀರ್ಮಾನವಾಯಿತು. ನಾಲ್ವರು ಕೊಂಡರು. ಇಬ್ಬರು ಬೇಡ ಅಂದರು. ನಾನು ಒಂದು ಶೇರೂ ಮುಟ್ಟಲಿಲ್ಲ, ನಿನ್ನ ತಾಯಿಯಾದವಳು ಮುಟ್ಟಬಾರದು ಎಂದು ಎಲ್ಲರೆದುರು ಹೇಳಿದೆ.

ಮೂರನೇ ಬಾವಿಯೂ ಬರಿದು ಎಂದು ಈ ತಿಂಗಳ ಆರರಂದು ಪೇಪರಿನಲ್ಲಿ ಬಂತು. ಶೇರು ಅರ್ಧಕ್ಕಿಳಿಯಿತು. ಮರುದಿನ ಕೂಟದಲ್ಲಿ ಯಾರೂ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಸೆರಗು ಹೋಯಿತು, ಒಡಲು ಉಳಿಯಿತು ಎಂದು ನಗಾಡಿದರು. ಸೊಣ್ಣಮ್ಮನವರ ಎಂಟು ಲಕ್ಷ ಬ್ಯಾಂಕಿನಲ್ಲಿ ಹಾಗೇ ಇದೆ. ಅಂದು ಅವರು ಎಲ್ಲರ ಮುಂದೆ ಒಂದು ಮಾತು ಹೇಳಿದರು, ನಿನಗೆ ಬರೆಯಲೇಬೇಕು. "ಆ ಮಗೀಗೆ ಎಲ್ಲಾ ಗೊತ್ತಿತ್ತು, ಹೆತ್ತವ್ರಿಗೂ ಹೇಳ್ಲಿಲ್ಲ. ನಿಮ್ ಗುಣಾನೇ ಬಂದೈತೆ ಅಮ್ಮಣ್ಣಿಯವ್ರೇ" ಅಂದರು. ಏಳು ಜನರೂ ತಲೆಯಾಡಿಸಿದರು, ನನ್ನನ್ನೂ ಸೇರಿಸಿ.

ಬಾವಿ ಬರಿದಾಯಿತೆಂದು ನೀನು ಸೊರಗಬೇಡ. ಹೇಳಿದ ಜಾಗದಲ್ಲಿ ಎಣ್ಣೆ ಸಿಗದಿದ್ದರೆ ನಿನ್ನ ಓದು ಸುಳ್ಳಾಗುವುದಿಲ್ಲ. ನಾನು ನಿನ್ನ ಬಗ್ಗೆ ಹೆಮ್ಮೆಪಡುವುದಕ್ಕೂ ಎಣ್ಣೆಗೂ ಸಂಬಂಧವಿಲ್ಲ. ಅಲ್ಲಿನ ಚಳಿಗೆ ಅಪ್ಪ ಉಣ್ಣೆಯ ಕಾಲುಚೀಲ ತಂದಿಟ್ಟಿದ್ದಾರೆ. ಮೆಂತ್ಯದ ಹಿಟ್ಟು, ಚಟ್ನಿಪುಡಿ ಪತ್ರದ ಜೊತೆಗಿನ ಪೊಟ್ಟಣದಲ್ಲಿವೆ, ಜೊತೆಯವರಿಗೂ ಕೊಡು. ದೋಣಿ ಹತ್ತುವಾಗ ಲೈಫ್ ಜಾಕೆಟ್‌ನ ಗುಂಡಿ ಹಾಕಿಕೋ. ಬನಶಂಕರಿ ಅಮ್ಮ ನಿನ್ನ ಬೆನ್ನಿಗಿರಲಿ, ಆಯುಸ್ಸು ಆರೋಗ್ಯ ಎರಡೂ ಬೇಕಾದಷ್ಟು ಕೊಡಲಿ.

ನಿನ್ನ ಅಮ್ಮ,
ಅಮ್ಮಣ್ಣಿ

ತಾ.ಕ.: ಪತ್ರ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ನಿನ್ನ ಪತ್ರಗಳಿಗೆ ಎರಡು ತಿಂಗಳು ಉತ್ತರ ಬರೆಯದಿದ್ದುದು ಕೆಲಸದಿಂದಲ್ಲ. ಗೌರಿಹಬ್ಬಕ್ಕೆ ನೀನು ಬಂದಿದ್ದಾಗ, ಅಪ್ಪನ ಜೊತೆ ಗಾಂಧಿಬಜಾರಿಗೆ ಹೂವು ತರಲು ಹೋದೆಯಲ್ಲ, ಆಗ ನಾನು ನಿನ್ನ ರೂಮಿಗೆ ಹೋಗಿ ಆಫೀಸಿನ ಕಾಗದ ಇಡುವ ಆ ಕಪ್ಪು ಬ್ಯಾಗಿಗೆ ಕೈ ಹಾಕಿದೆ. ಯಾರೂ ನನ್ನನ್ನು ಕಳಿಸಿರಲಿಲ್ಲ. ದುಡ್ಡಿನ ಆಸೆಯೋ, ಏಳು ಜನರಲ್ಲಿ ನನಗೊಬ್ಬಳಿಗೇ ಗೊತ್ತಿರಲಿ ಎಂಬ ಆಸೆಯೋ, ಈಗಲೂ ಹೇಳಲಾರೆ. ಜಿಪ್ಪಿಗೆ ಸಣ್ಣ ನಂಬರ್ ಬೀಗ ಹಾಕಿತ್ತು. ನಿನ್ನ ಹುಟ್ಟಿದ ತಾರೀಕು ಹಾಕಿ ನೋಡಿದೆ, ನನ್ನದು ಹಾಕಿ ನೋಡಿದೆ, ತೆಗೆಯಲಿಲ್ಲ. ಮಂಚದ ಮೇಲೆ ಕೂತುಬಿಟ್ಟೆ. ಮನೆಯಲ್ಲಿ ಇದ್ದದ್ದು ನಾವು ಮೂವರೇ, ನಿನ್ನ ಅಪ್ಪ ಕೇಳದೆ ನನ್ನ ಕನ್ನಡಕವನ್ನೂ ಮುಟ್ಟುವವರಲ್ಲ. ಯಾರಿಗಾಗಿ ಹಾಕಿದ ಬೀಗ ಎಂದು ನಾನು ನಿನ್ನನ್ನು ಕೇಳುವುದಿಲ್ಲ, ನೀನೂ ಬರೆಯಬೇಡ. ಮುಂದಿನ ಸಲ ಬರುವಾಗಲೂ ಹಾಕಿಕೊಂಡೇ ಬಾ.