ತೆಂಗಿನಗುಂಡಿಯಲ್ಲಿ ಮಣ್ಣಾದ ತಮ್ಮ

ಭಟ್ಕಳ, ಮಾರ್ಚ್ ೧೯೬೨

ಅವ್ವಾ, ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ, ಹರಸು!

ನಮ್ಮ ನಾಟಕ ಕಂಪನಿ ಈಗ ಭಟ್ಕಳದಲ್ಲಿದೆ. ನಿನ್ನೆ ತೆಂಗಿನಗುಂಡಿಯ ಕಡಲು ಗುರುತಿಲ್ಲದ ತರುಣನ ಹೆಣವೊಂದನ್ನು ದಡಕ್ಕೆ ತಂದಿತು. ಹಿಂದೆ ಹಡಗು ಒಡೆದು ತೇಲಿಬಂದ ಇಂಥ ಅನಾಥರಿಗೆಂದೇ ಇಲ್ಲಿನ ಮೀನುಗಾರರ ಅಜ್ಜಂದಿರು ಒಂದು ಮಸಣ ಬಿಟ್ಟಿದ್ದಾರೆ. ಯಾರಾದರೂ ‘ಇವ ನಮ್ಮವ’ ಎಂದು ಕೂಗಿದರೆ ಮಾತ್ರ ಅಲ್ಲಿ ಮಣ್ಣು. ಒಮ್ಮೆ ಕೂಗಿದವರು ಮತ್ತೆ ಕೂಗುವಂತಿಲ್ಲ.

“ಊರಿನವರದ್ದೆಲ್ಲ ಕೂಗಿ ಆತು ಮಾರಾಯ್ರೆ. ರಾತ್ರಿಯಿಡೀ ಭೀಮನಾಗಿ ಕೂಗ್ತೀರಿ, ಈಗ ಎಂತಕ್ಕೆ ಸುಮ್ಮನೆ ನಿಂತದ್ದು?” ಎಂದಳು ಮೀನು ಮಾರುವ ಸೀತಜ್ಜಿ.

ಕೂಗಿದೆನವ್ವಾ! ಅಲೆಯ ಸದ್ದು ಅಡಗುವಂತೆ ಕೂಗಿದೆ: “ಇವ ನನ್ನ ತಮ್ಮ!”

ಆ ಮಸಣದಲ್ಲೇ ಅವನನ್ನು ಮಣ್ಣು ಮಾಡಿದೆವು. ಮಹಾಲಯ ಅಮಾವಾಸ್ಯೆಗೆ ಅಪ್ಪನ ಪಕ್ಕ ಅವನಿಗೂ ಎಡೆ ಇಡು. ಹೆಸರು ಮಾತ್ರ ನೀನೇ ಇಡಬೇಕು.

ಬಣ್ಣಕ್ಕೆ ಕರೆಯುತ್ತಿದ್ದಾರೆ.

ನಿನ್ನ ಹಿರಿಯ ಮಗ,
ಭರಮಪ್ಪ